ಉಳಿದ ನಾಲ್ಕು ಅಮಾವಾಸ್ಯೆ

ಈ ದ್ವೀಪಕ್ಕೆ ಬಂದ ಎರಡನೆಯ ದಿನವೇ ನಾನು ಜೀವವಿರುವ ಪ್ರಾಣಿಯ ಬೆನ್ನ ಮೇಲೆ ಬಟ್ಟೆ ಒಗೆದೆ. ಬೇಕೆಂದು ಮಾಡಿದ್ದಲ್ಲ. ಬಸವಕಲ್ಯಾಣದಲ್ಲಿ ಹುಟ್ಟಿ ಹುಮನಾಬಾದಿಗೆ ಸೊಸೆಯಾಗಿ ಹೋದವಳು ನಾನು. ಎರಡೂ ಊರಲ್ಲಿ ನಳದ ಮುಂದೆ ಕೊಡ ಸಾಲಿಗಿಟ್ಟು ಕಾದವಳು. ಇಲ್ಲಿ ಬಾಗಿಲು ತೆರೆದರೆ ಕಣ್ಣು ಮುಟ್ಟುವವರೆಗೆ ನೀರು. ಇಷ್ಟು ನೀರು ಪುಕ್ಕಟೆ ಬಿದ್ದಿರುವಾಗ ಬಾವಿ ಸೇದುವುದೇಕೆಂದು ಬುಟ್ಟಿ ತುಂಬ ಬಟ್ಟೆ ಹೊತ್ತು ದಂಡೆಗೆ ಇಳಿದೆ. ಸಮುದ್ರ ಹಿಂದೆ ಸರಿದಿತ್ತು. ಮೊಳಕಾಲುದ್ದ ನೀರಿನಲ್ಲಿ ಕಂದು ಬಣ್ಣದ ಗುಂಡಗಿನ ಕಲ್ಲೊಂದು ಒಗೆಯುವುದಕ್ಕೇ ಇಟ್ಟಂತೆ ಕಂಡಿತು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಉಪ್ಪುನೀರಿನಲ್ಲಿ ನೊರೆ ಬರುವುದಿಲ್ಲ ಎಂದು ನನಗೆ ಹೇಳಿದವರಾದರೂ ಯಾರು? ಸಿಟ್ಟಿಗೆ ಇನ್ನೂ ಜೋರಾಗಿ ಬಡಿದೆ.

ನಾಲ್ಕು ಬಟ್ಟೆ ಬಡಿಯುವಷ್ಟರಲ್ಲಿ ಪಕ್ಕದ ಮನೆಯ ಮಾಲತಿ ದೀದಿ ಓಡಿ ಬಂದಳು. ಆಕೆ ಬಂಗಾಳಿ, ದಂಡೆಯ ಮೇಲೆ ಅನ್ನದ ಹೋಟೆಲು ನಡೆಸುತ್ತಾಳೆ. ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು, ಇದು ಕಲ್ಲಲ್ಲ, ಹವಳ, ಇದಕ್ಕೆ ಜೀವವಿದೆ ಎಂದು ಹಿಂದಿಯಲ್ಲಿ ಬೈದಳು. ನನಗೆ ನಗು ಬಂತು. ಹವಳವೆಂದರೆ ಅವ್ವ ನನ್ನ ತಾಳಿಯಲ್ಲಿ ಪೋಣಿಸಿ ಕೊಟ್ಟ ಎರಡು ಕೆಂಪು ಮಣಿ. ಅದೆಲ್ಲಿ, ಈ ಕಂದು ಬಂಡೆಯೆಲ್ಲಿ? ನಗುತ್ತಲೇ ಹಿಂದಕ್ಕೆ ಕಾಲಿಟ್ಟವಳು ಇನ್ನೊಂದು ಹವಳಕ್ಕೆ ಹಿಮ್ಮಡಿ ಕೊಯ್ದುಕೊಂಡೆ. ಆ ಗಾಯ ಹದಿನೈದು ದಿನ ಕೀವು ತುಂಬಿತು. ನಮ್ಮೂರಿನ ಕಲ್ಲುಗಳು ಹೀಗೆ ಸೇಡು ತೀರಿಸಿಕೊಳ್ಳುವುದಿಲ್ಲ.

ದ್ವೀಪ ಅಂಡಮಾನಿನಲ್ಲಿದೆ ಎಂದಷ್ಟೇ ಹೇಳುತ್ತೇನೆ. ಹೆಸರು ಬರೆದರೆ ನಮ್ಮೂರ ಜನ ಟಿಕೀಟು ತೆಗೆಸಿ ಬಂದೇ ಬಿಡುತ್ತಾರೆ. ಅವರು ಬರಿಗೈಲಿ ಬರುವ ಜನವಲ್ಲ, ಡಬ್ಬಿ ತುಂಬ ತಿಂಡಿ ತರುತ್ತಾರೆ, ತಂದದ್ದರಲ್ಲಿ ಅರ್ಧ ಮೀನಿಗೆ ಹಾಕುತ್ತಾರೆ. ಹಾಕುತ್ತಾರೆಂದು ನನಗೆ ಹೇಗೆ ಗೊತ್ತು? ಇಲ್ಲಿ ಮೊದಲು ಹಾಕಿದವಳೇ ನಾನು. ಆ ತಪ್ಪನ್ನು ಬರೆಯಲೆಂದೇ ಕುಳಿತಿದ್ದೇನೆ.

ನಮ್ಮವರು, ಅಂದರೆ ನನ್ನ ಗಂಡ, ಹೆಸರು ಕಾಶಿನಾಥ. ಹುಮನಾಬಾದಿನಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿದ ಕಂಪ್ರೆಸರ್ ನಡೆಸುತ್ತಿದ್ದರು. ಹಳೆಯ ಬಾವಿಯ ತಳದ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಒಡೆದು, ಬಾವಿಯನ್ನು ಆಳ ಮಾಡುವ ಕೆಲಸ. ಹುಡಗಿ, ಚಿಟಗುಪ್ಪ, ಮಂಠಾಳ ಊರುಗಳ ಕಡೆ ಅವರು ಇಳಿಯದ ಬಾವಿ ಕಡಿಮೆ. ಎಲ್ಲರೂ ಬೋರ್ ಹಾಕಿಸಲು ಶುರುಮಾಡಿದ ಮೇಲೆ ಬಾವಿಯನ್ನು ಕೇಳುವವರು ಇಲ್ಲವಾದರು. ಆಗ ಹೈದರಾಬಾದಿನ ಒಬ್ಬ ಮೆಕ್ಯಾನಿಕ್ ಗೆಳೆಯ, ಅಂಡಮಾನಿನಲ್ಲಿ ಪ್ರವಾಸಿಗರನ್ನು ಸಮುದ್ರದೊಳಗೆ ಇಳಿಸುವ ಕಂಪನಿಯೊಂದಿದೆ, ಬೆನ್ನಿಗೆ ಕಟ್ಟುವ ಸಿಲಿಂಡರಿಗೆ ಗಾಳಿ ತುಂಬಲು ಕಂಪ್ರೆಸರ್ ತಿಳಿದವರು ಬೇಕಂತೆ ಎಂದ. ಮೂರು ತಿಂಗಳು ಎಂದು ಹೊರಟದ್ದು. ಈಗ ಮೂರನೆಯ ವರ್ಷ ನಡೆದಿದೆ.

ಅವರ ಜೊತೆ ನಾನು ಹೊರಟದ್ದಕ್ಕೆ ಬೇರೆ ಕಾರಣವಿತ್ತು. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಕಲಬುರಗಿ, ಸೊಲ್ಲಾಪುರದ ದವಾಖಾನೆಗಳೆಲ್ಲ ಆಗಿದ್ದವು. ಹುಮನಾಬಾದಿನಲ್ಲಿ ಯಾವ ಮದುವೆ, ಯಾವ ತೊಟ್ಟಿಲಿಗೆ ಹೋದರೂ ಒಂದೇ ಪ್ರಶ್ನೆ: "ಏನರೆ ವಿಶೇಷ ಅದ ಏನವಾ?" ಆ 'ವಿಶೇಷ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ನೀರಿನ ನಡುವೆ ಹೋಗಿ ಕುಳಿತರೆ ಕೇಳುವವರಿರುವುದಿಲ್ಲ ಎಂದುಕೊಂಡೆ. ಮಾಲತಿ ದೀದಿ ಮೂರನೆಯ ದಿನಕ್ಕೇ ಕೇಳಿದಳು.

ತಗಡಿನ ಮನೆ. ಮಳೆ ಬಂದರೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಮತ್ತು ಇಲ್ಲಿಯ ಮಳೆ ನಮ್ಮೂರ ಮಳೆಯ ಹಾಗೆ ಬಂದು ಮುಖ ತೋರಿಸಿ ಹೋಗುವಂಥದ್ದಲ್ಲ. ಭಾಷೆಯೇನೋ ಗೆದ್ದೆ ಎಂದುಕೊಂಡಿದ್ದೆ, ಬೀದರ ಸೀಮೆಯವರಿಗೆ ಹಿಂದಿ ಬರದೆ ಇರುತ್ತದೆಯೆ? ಆದರೆ ನಾನು ಬೇಡಕ್ಕೆ 'ನಕ್ಕೋ', ಹೌದಿಗೆ 'ಹೌ' ಎಂದರೆ ಇಲ್ಲಿಯವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅಂಗಡಿಯಲ್ಲಿ ಜ್ವಾರಿ, ಅಂದರೆ ಜೋಳ, ಇದೆಯೇ ಎಂದು ಕೇಳಿದೆ. ಅಂಗಡಿಯವನು ಗೋಡೆಯ ಕಾಗದ ನೋಡಿ, ಮಧ್ಯಾಹ್ನ ಎರಡಕ್ಕೆ ಎಂದ. ಇಲ್ಲಿ 'ಜೋಯಾರ್' ಎಂದರೆ ಸಮುದ್ರ ಉಕ್ಕಿ ಬರುವ ಹೊತ್ತು, ಇಳಿಯುವ ಹೊತ್ತು 'ಭಾಟಾ'. ನನಗೆ ಬೇಕಾದ ಜೋಳದ ಹಿಟ್ಟು ಕೊನೆಗೆ ನನ್ನ ತಮ್ಮ ಬಸವಕಲ್ಯಾಣದಿಂದ ಪಾರ್ಸೆಲ್ ಮಾಡಿದ ಮೇಲೆ ಸಿಕ್ಕಿತು, ಅದೂ ಹಡಗಿನಲ್ಲಿ ತಿಂಗಳು ಕಳೆದು, ಅರ್ಧ ಹುಳ ಹಿಡಿದು. ಆ ಹಿಟ್ಟನ್ನು ಸೋಸಿ ಮೊದಲ ರೊಟ್ಟಿ ತಟ್ಟಿದ ದಿನ ನಮ್ಮವರು ತಾಟಿಗೆ ಅಂಟಿದ ಚೂರನ್ನೂ ಬೆರಳಿಂದ ಒತ್ತಿ ತಿಂದರು. ಅವರಿಗೆ ಮೊದಲಿನಿಂದಲೂ ಮಾತು ಕಡಿಮೆ.

ಅವರು ಬೆಳಿಗ್ಗೆ ಆರಕ್ಕೆ ಕಂಪ್ರೆಸರ್ ಕೋಣೆಗೆ ಹೋದರೆ ಸಂಜೆಗೆ ಬರುತ್ತಿದ್ದರು. ಊರೆಲ್ಲ ಮೀನು ತಿನ್ನುವ ಜನ. ನನಗೆ ಆ ವಾಸನೆಯೇ ಆಗದು, ಹಾಗಾಗಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಇಡೀ ದಿನ ಸಮುದ್ರದ ಮುಖ ನಾನು, ನನ್ನ ಮುಖ ಸಮುದ್ರ ನೋಡುತ್ತಿದ್ದೆವು. ಕೆಲವು ದಿನ ಸುಮ್ಮನೆ ಅಳುತ್ತಿದ್ದೆ.

ಹೀಗಿರುವಾಗ ಎಳ್ಳಮಾಸಿ ಬಂತು. ನಮ್ಮ ಸೀಮೆಯಲ್ಲಿ ಅದು ಭೂಮಿಯ ಬಯಕೆ ತೀರಿಸುವ ಅಮಾವಾಸ್ಯೆ. ಜೋಳ, ಕಡಲೆ ಹೊತ್ತು ನಿಂತ ಹೊಲ ಬಸುರಿ ಎಂದೇ ಲೆಕ್ಕ. ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಅನ್ನ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತೇವೆ. ಹುಡಗಿ ಊರಲ್ಲಿರುವ ಅತ್ತೆಮನೆಯ ಹೊಲದಲ್ಲಿ ಆ ಹಬ್ಬ ನನಗೆ ಎಂದೂ ಸುಖ ಕೊಟ್ಟದ್ದಿಲ್ಲ. ಬಸುರಿ ಹೊಲಕ್ಕೆ ಉಣಿಸುವಾಗ ಎಲ್ಲರ ಕಣ್ಣು ನನ್ನ ಹೊಟ್ಟೆಯ ಮೇಲೆ. ಆದರೂ ಆ ದಿನ ಇಲ್ಲಿ ಹೊಲವಿಲ್ಲ, ಜನರಿಲ್ಲ ಎಂದಾಗ ಅದೇ ಹಬ್ಬ ಬೇಕೆನಿಸಿತು. ಸಿಕ್ಕ ಸೊಪ್ಪಿನಲ್ಲೇ ಭಜ್ಜಿ ಮಾಡಿ, ರೊಟ್ಟಿ ಮುರಿದು, ತಾಟು ಹಿಡಿದು ದೋಣಿ ಕಟ್ಟುವ ಕಟ್ಟೆಗೆ ಹೋದೆ. ಹೊಲವಿಲ್ಲದವಳು ಸಮುದ್ರಕ್ಕೆ ಚರಗ ಚೆಲ್ಲಿದೆ.

ನೀರು ಕುದ್ದಂತಾಯಿತು. ಎಲ್ಲಿಂದ ಬಂದವೋ, ಹಳದಿ ಮೈಗೆ ಕಪ್ಪು ಪಟ್ಟೆ ಎಳೆದ ಅಂಗೈಯಗಲದ ಮೀನುಗಳು, ನೂರಾರು, ಒಂದರ ಮೇಲೊಂದು ಬಿದ್ದು ತಿಂದವು. ಅವುಗಳ ಹಿಂದೆ ನೀಲಿ, ಹಸಿರು, ಗುಲಾಬಿ. ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಬೂದಿಬಣ್ಣದ ಮೀನು ಕಂಡ ಕಣ್ಣಿಗೆ ಇದು ಮೀನೋ ಇಳಕಲ್ ಸೀರೆಯ ಅಂಗಡಿಯೋ ತಿಳಿಯಲಿಲ್ಲ. ತಾಟು ಖಾಲಿಯಾಗಿ ಎಷ್ಟೋ ಹೊತ್ತಾದ ಮೇಲೂ ನಾನು ಅಲ್ಲೇ ನಿಂತಿದ್ದೆ. ನಮ್ಮವರನ್ನು ಬಿಟ್ಟರೆ, ಬಂದ ಮೇಲೆ ಅವತ್ತೇ ಮೊದಲು ಯಾರೋ ನನ್ನ ಕೈಯಿಂದ ಉಂಡಿದ್ದರು.

ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವ್ವ ತಮ್ಮನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಇರುತ್ತಾಳೆ, ನನ್ನ ಫೋನ್ ಬಂದರೆ ಮಾತ್ರ ಮಾಳಿಗೆ ಹತ್ತುತ್ತಾಳೆ. ಮಾತು ಕೇಳಿ ಅಂದಳು, "ಭೂಮಿತಾಯಿ ಬಸುರಿ ಇದ್ದ ದಿನಾ ನಿನ್ನ ಕೈಲೆ ಉಂಡಾವ ಅಂದ್ರ ಸುಮ್ನ ಅಲ್ಲ ಸುವ್ವಾ. ಇಪ್ಪತ್ತೊಂದು ಅಮಾಸಿ ತಪ್ಪದ ಉಣ್ಣಸು. ಉಡಿ ತುಂಬತದ." ನಡುವೆ ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಎಣಿಸಬೇಕೆಂದಳು. ತಾನೂ ಅದೇ ದಿನ ತ್ರಿಪುರಾಂತ ಕೆರೆಗೆ ಹೋಗಿ ಹಿಟ್ಟಿನ ಉಂಡೆ ಹಾಕುತ್ತೇನೆಂದು ಮಾತು ಕೊಟ್ಟಳು.

ನನಗೆ ಮೂವತ್ತೆಂಟು. ದವಾಖಾನೆಯವರು ಕೈಬಿಟ್ಟಿದ್ದರು. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಆ ಇಪ್ಪತ್ತೊಂದನ್ನು ನಾನು ಎರಡೂ ಕೈಯಿಂದ ಹಿಡಿದುಕೊಂಡೆ. ಅಮಾವಾಸ್ಯೆಗೆ ತಾಟು ತುಂಬ, ಉಳಿದ ದಿನವೂ ಒಂದೊಂದು ರೊಟ್ಟಿ. ಕಲ್ಯಾಣದ ಮನೆಗಳಲ್ಲಿ ದಾಸೋಹ ಪುಸ್ತಕದ ಮಾತಲ್ಲ. ಬಾಗಿಲಿಗೆ ಬಂದವರು ಉಣ್ಣದೆ ಹೋದರೆ ಅವತ್ತು ಮನೆಯವರಿಗೂ ಅನ್ನ ಇಳಿಯುವುದಿಲ್ಲ. ಉಣಿಸುವುದರಲ್ಲಿ ತಪ್ಪು ಇರಬಹುದು ಎಂದು ಯೋಚಿಸುವುದೇ ನಮಗೆ ಗೊತ್ತಿಲ್ಲ.

ಕೆಲವೇ ತಿಂಗಳಲ್ಲಿ ನನ್ನ ಹೆಜ್ಜೆಯ ಸಪ್ಪಳಕ್ಕೇ ಮೀನು ಸೇರತೊಡಗಿದವು. ದೋಣಿಯವರು ಅದನ್ನು ನೋಡಿದರು. ಪ್ರವಾಸಿಗರನ್ನು ಕಟ್ಟೆಯ ಹತ್ತಿರ ತಂದು, ಬ್ರೆಡ್ಡಿನ ಪೊಟ್ಟಣ ಮಾರಿ, ಹಾಕಿರಿ, ಪುಣ್ಯ ಬರುತ್ತದೆ ಎನ್ನತೊಡಗಿದರು. ಜಾಗಕ್ಕೆ 'ರೋಟಿ ಪಾಯಿಂಟ್' ಎಂದು ಹೆಸರೂ ಬಿತ್ತು. ನಾನು ಹೆಮ್ಮೆಯಿಂದ ಬೀಗಿದೆ. ಮಾಲತಿ ದೀದಿಗೆ, ನೋಡು, ನೀವು ಮೀನನ್ನು ತಿನ್ನುತ್ತೀರಿ, ನಾವು ಮೀನಿಗೆ ತಿನ್ನಿಸುತ್ತೇವೆ ಎಂದು ಚುಚ್ಚಿಯೂ ಇದ್ದೆ.

ಹದಿನಾರು ಅಮಾವಾಸ್ಯೆ ಮುಗಿದಿತ್ತು, ಯುಗಾದಿಯ ಆಸುಪಾಸು. ನಮ್ಮವರ ಕಂಪನಿಯಲ್ಲಿ ರೀನಾ ಎಂಬ ಹುಡುಗಿ ಇದ್ದಾಳೆ, ಪ್ರವಾಸಿಗರ ಜೊತೆ ನೀರಿಗಿಳಿಯುವವಳು. ಅವಳ ಅಜ್ಜ ರಾಂಚಿ ಕಡೆಯಿಂದ ಬಂದವರು, ಅವಳು ಇಲ್ಲೇ ಹುಟ್ಟಿದವಳು. ನೀರಿನ ಕೆಳಗೆ ಪ್ಲಾಸ್ಟಿಕ್ ಪಾಟಿಯ ಮೇಲೆ ಪೆನ್ಸಿಲಿನಿಂದ ಮೀನಿನ ಲೆಕ್ಕ ಬರೆಯುತ್ತಾಳೆ. ಒಂದು ಬೆಳಿಗ್ಗೆ ಮನೆಗೆ ಬಂದು, ಆಂಟಿ, ಇಷ್ಟು ದಿನ ಮೇಲಿಂದ ನೋಡಿದಿರಿ, ಒಮ್ಮೆ ಮುಖ ಒಳಗಿಟ್ಟು ನೋಡಿ ಎಂದಳು. ನನಗೆ ಈಜು ಬರುವುದಿಲ್ಲ. ನಮ್ಮವರು ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು. ಅದೇ ಬಾವಿಯ ಹತ್ತಿರ ಹೆಣ್ಣುಮಕ್ಕಳು ಸುಳಿದರೆ ಬೈಗುಳ. ಕೊನೆಗೆ ಗಾಳಿ ತುಂಬಿದ ಟ್ಯೂಬಿಗೆ ತೋಳು ಹಾಕಿ, ಒಂದು ಕಡೆ ಇವರು, ಒಂದು ಕಡೆ ರೀನಾ ಹಿಡಿದು, ದ್ವೀಪದ ಆಚೆ ಮೂಲೆಯಲ್ಲಿ ನನ್ನನ್ನು ನೀರಿಗಿಳಿಸಿದರು.

ಗಾಜಿನ ಮುಖವಾಡದೊಳಗೆ ಕಣ್ಣು ಬಿಟ್ಟೆ. ಕೆಳಗೊಂದು ಊರೇ ಇತ್ತು. ಜಿಂಕೆಯ ಕೊಂಬಿನಂಥ ಹವಳ, ತಟ್ಟೆಯಂಥ ಹವಳ, ನಾನು ಬಟ್ಟೆ ಒಗೆದಿದ್ದೆನಲ್ಲ ಅಂಥ ಗುಂಡು ಹವಳ. ಸಂದುಸಂದಿನಲ್ಲಿ ಮೀನು. ಹೂವಿನಂಥ ಒಂದು ಜೀವಿಯ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಪುಟ್ಟ ಮೀನೊಂದು ಹೊರಬಂದು ನನ್ನನ್ನು ಗದರಿಸಿ ಒಳಹೋಯಿತು. ಕಟಕಟ ಎಂದು ಯಾರೋ ಹುರಿಗಡಲೆ ಅಗಿಯುವ ಸಪ್ಪಳ ಕೇಳಿತು. ನೋಡಿದರೆ ಗಿಣಿಯಂತೆ ಕೊಕ್ಕಿರುವ ಹಸಿರು ಮೀನು, ಸತ್ತ ಹವಳದ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತಿತ್ತು. ತಿಂದ ಕಲ್ಲು ಅದರ ಹಿಂದಿನಿಂದ ಬಿಳಿ ಮರಳಾಗಿ ಉದುರುತ್ತಿತ್ತು. ನಾನು ದಿನವೂ ಕುಳಿತು ಅಳುತ್ತಿದ್ದ ಆ ಬೆಳ್ಳನೆಯ ಮರಳು ಬಹುಪಾಲು ಇದರ ಹೇಲು ಎಂದು ಮೇಲೆ ಬಂದ ಮೇಲೆ ರೀನಾ ಹೇಳಿದಳು. ನಾನು ನಕ್ಕೆ. ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಅಲ್ಲಿಂದ ಅವಳು ಸೀದಾ ನನ್ನ ಕಟ್ಟೆಗೆ ದೋಣಿ ತಂದಳು. ಮುಖ ಒಳಗಿಟ್ಟೆ. ಅದೇ ಸಮುದ್ರ. ಆದರೆ ಕೆಳಗೆ ಬಣ್ಣವೇ ಇಲ್ಲ, ಹವಳದ ಮೇಲೆಲ್ಲ ಹಸಿರುಗಂದು ಪಾಚಿ, ಒಗೆಯದ ಕಂಬಳಿಯ ಹಾಗೆ. ಪಟ್ಟೆ ಮೀನುಗಳು ಮಾತ್ರ ಗುಂಪುಗುಂಪಾಗಿ ನಮ್ಮ ಕೈಯ ಸುತ್ತ ಬಂದವು, ಒಂದು ನನ್ನ ಬೆರಳನ್ನು ಕಚ್ಚಿತು. ಗಿಣಿಮೀನು ಒಂದು ದೂರದಲ್ಲಿ ಸುಳಿಯಿತು. ಪಟ್ಟೆಯವು ಅಟ್ಟಿಸಿಕೊಂಡು ಹೋದವು.

ರೀನಾ ನಿಧಾನವಾಗಿ ತಿಳಿಸಿ ಹೇಳಿದಳು. ಪಾಚಿ ತಿಂದು ಹವಳವನ್ನು ತೊಳೆದಿಡುವುದು ಗಿಣಿಮೀನಿನಂಥ ಮೀನುಗಳ ಕೆಲಸ. ರೊಟ್ಟಿ, ಬ್ರೆಡ್ಡು ಸಿಕ್ಕರೆ ಅವು ಕೆಲಸ ಬಿಡುತ್ತವೆ, ಜಗಳಗಂಟ ಪಟ್ಟೆ ಮೀನು ಹೆಚ್ಚಿ ಉಳಿದವನ್ನು ಓಡಿಸುತ್ತವೆ, ಉಳಿದ ತುಣುಕು ಕೊಳೆತು ಪಾಚಿಗೆ ಗೊಬ್ಬರವಾಗುತ್ತದೆ. ನಿಮ್ಮೊಬ್ಬರಿಂದ ಆದದ್ದಲ್ಲ ಆಂಟಿ, ದೋಣಿಯವರು ಮಾಡಿದ್ದೇ ಹೆಚ್ಚು ಎಂದು ಸೇರಿಸಿದಳು. ಆದರೆ ದೋಣಿಯವರಿಗೆ ಕಲಿಸಿದವಳು ಯಾರು?

ನಾನು ಅವಳ ಮೇಲೆ ಹರಿಹಾಯ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆ. ಹಸಿದ ಬಾಯಿಗೆ ಅನ್ನ ಹಾಕುವುದು ಪಾಪವೇ, ನಿನಗೆ ಇಪ್ಪತ್ತನಾಲ್ಕು, ನಿನಗೇನು ಗೊತ್ತು ನನ್ನ ಹೊಟ್ಟೆಯ ಸಂಕಟ ಎಂದೆ. ಅವಳಿಗೆ ಹರಕೆಯ ವಿಷಯ ತಿಳಿದಿರಲಿಲ್ಲ. ತಿಳಿದ ಮೇಲೆ ತಲೆ ತಗ್ಗಿಸಿ, ನೀವೇ ಯೋಚಿಸಿ ಎಂದಷ್ಟೇ ಹೇಳಿ ಹೋದಳು. ಬೈದಿದ್ದರೆ ಸುಲಭವಿತ್ತು. ರಾತ್ರಿಯಿಡೀ ಎಣಿಸಿದೆ: ಐದು ಉಳಿದಿವೆ. ಐದೇ ಐದು. ಅದು ಮುಗಿಯುವವರೆಗೆ ಸಮುದ್ರ ತಡೆದುಕೊಳ್ಳಲಾರದೆ?

ಹದಿನೇಳನೆಯದನ್ನು ತಿಳಿದೂ ತಿಳಿದೂ ಮಾಡಿದೆ. ನಮ್ಮವರು ಕೆಲಸಕ್ಕೆ ಹೋದ ಮೇಲೆ, ಮಾಲತಿ ದೀದಿಯ ಕಣ್ಣು ತಪ್ಪಿಸಿ, ಸೆರಗಿನೊಳಗೆ ತಾಟು ಮುಚ್ಚಿಕೊಂಡು ಹೋದೆ. ಉಣಿಸಲಿಕ್ಕೆ ಕಳ್ಳಿಯ ಹಾಗೆ ಹೋದದ್ದು ಜೀವಮಾನದಲ್ಲೇ ಅದೊಂದು ಸಲ. ಬಿಸಿಲು ಬಹಳವಿತ್ತು. ಕಟ್ಟೆಯ ಮೆಟ್ಟಿಲಿಳಿದು ಕಾಲು ನೀರಿಗಿಟ್ಟರೆ ನೀರು ಬೆಚ್ಚಗಿತ್ತು, ಬಾಣಂತಿಗೆ ಕಾಯಿಸಿಟ್ಟ ನೀರಿನಷ್ಟು. ರೊಟ್ಟಿ ಚೆಲ್ಲಿದೆ. ಮೀನು ಬಂದವು. ಅವು ಚೆದುರಿದ ಮೇಲೆ ಕೆಳಗೆ ನೋಡಿದೆ. ಪಾಚಿಯ ನಡುವೆ ಅಲ್ಲಲ್ಲಿ ಉಳಿದಿದ್ದ ಹವಳವೆಲ್ಲ ಬೆಳ್ಳಗಾಗಿತ್ತು, ವಿಭೂತಿ ಬಳಿದಂತೆ.

ರೀನಾಳ ಮನೆಗೆ ಓಡಿದೆ. ಅವಳೂ ಅಳುತ್ತಿದ್ದಳು. ಅವಳು ನನಗೆ ತೋರಿಸಿದ್ದ ಆಚೆ ಮೂಲೆಯ ಆ ಊರು, ಅದೂ ಬೆಳ್ಳಗಾಗಿತ್ತು. ಹವಳ ತನ್ನ ಮೈಯೊಳಗೆ ಕಣ್ಣಿಗೆ ಕಾಣದ ಜೊತೆಗಾರರನ್ನು ಇಟ್ಟುಕೊಂಡಿರುತ್ತದಂತೆ, ಅದಕ್ಕೆ ಅಡುಗೆ ಮಾಡಿ ಹಾಕುವವರು ಅವರೇ. ನೀರು ಕಾದರೆ ತಾಳಲಾರದೆ ಅವರನ್ನು ಹೊರಹಾಕಿಬಿಡುತ್ತದೆ, ಆಮೇಲೆ ಉಪವಾಸ ಬೀಳುತ್ತದೆ. ಬೇಗ ನೀರು ತಣ್ಣಗಾದರೆ, ಮೈಮೇಲೆ ಪಾಚಿ ಕೂರದೆ ಇದ್ದರೆ, ಬದುಕಬಹುದು. ಸಮುದ್ರ ಕಾದದ್ದು ನನ್ನ ರೊಟ್ಟಿಯಿಂದ ಅಲ್ಲ ಎಂದು ರೀನಾ ನೂರು ಸಲ ಹೇಳಿದಳು. ಗೊತ್ತು. ಆದರೆ ಬಿದ್ದವರು ಏಳುವ ಹೊತ್ತಿಗೆ ಎದೆಯ ಮೇಲೆ ಕುಳಿತವಳು ನಾನು.

ಅವತ್ತೇ ಅವ್ವನಿಗೆ ಫೋನ್ ಮಾಡಿ, ಹರಕೆ ಬಿಡುತ್ತೇನೆ ಎಂದೆ. ಏಕೆಂದು ಬಿಡಿಸಿ ಹೇಳಿದೆ, ಹವಳ, ಪಾಚಿ, ಎಲ್ಲ. ಅವ್ವ ಸಮುದ್ರ ಕಂಡವಳಲ್ಲ.

"ಕಲ್ಲಿನ ಸಲುವಾಗಿ ಕೂಸಿನ ಆಸೆ ಬಿಡ್ತಿ?"

"ಅದು ಕಲ್ಲಲ್ಲ ಅವ್ವಾ. ಜೀವ ಅದ ಅದಕ್ಕ."

"ನಾಕ ಉಳದಾವಲ್ಲ ಸುವ್ವಾ, ಬರೇ ನಾಕ."

ನಾನು ಫೋನ್ ಇಟ್ಟೆ. ಆಮೇಲೆ ಎರಡು ತಿಂಗಳು ಅವ್ವ ನನ್ನ ಜೊತೆ ಮಾತಾಡಲಿಲ್ಲ. ತಮ್ಮನಿಗೆ ಫೋನ್ ಮಾಡಿದರೆ, ಅವ್ವ ಕೆರೆ ಕಡೆ ಹೋಗ್ಯಾಳ, ಅವ್ವ ಮಲಗ್ಯಾಳ ಎನ್ನುತ್ತಿದ್ದ. ಹದಿನೆಂಟನೆಯ ಅಮಾವಾಸ್ಯೆಯ ದಿನ ನಾನು ಹೊರಗೇ ಬರಲಿಲ್ಲ, ಬಾಗಿಲು ಹಾಕಿ ಒಳಗೆ ಕುಳಿತೆ. ಕಟ್ಟೆಯ ಹತ್ತಿರ ಮೀನು ಕಾಯುತ್ತಿರುತ್ತವೆ ಎಂಬುದು ಗೊತ್ತಿತ್ತು. ಕೂಸನ್ನು ಹಾಲೂಡದೆ ಮಲಗಿಸಿದವಳ ಸಂಕಟ ನನಗೆ ಆ ದಿನ ತಿಳಿಯಿತು.

ಆಮೇಲೆ ನಾನು ಮಾಡಿದ್ದನ್ನೆಲ್ಲ ದೊಡ್ಡ ಕೆಲಸವೆಂದು ಹೇಳಿಕೊಳ್ಳಲಾರೆ. ಬಾಯಿ ಜೋರಿದೆ, ಅದನ್ನೇ ಬಳಸಿದೆ. ದಿನವೂ ಕಟ್ಟೆಯ ಮೇಲೆ ನಿಂತು ಬ್ರೆಡ್ಡಿನ ಪೊಟ್ಟಣ ಹಿಡಿದವರನ್ನು ತಡೆದೆ. ದೋಣಿಯವರು, ಶುರುಮಾಡಿದವಳೇ ನೀನು ಎಂದು ಮುಖದ ಮೇಲೆ ಅಂದರು, ಹೌದು ಎಂದೆ. ಪ್ರವಾಸಿಗರಿಗೆ, ತಾಯೀ, ನಾನೂ ಪುಣ್ಯಕ್ಕೇ ಹಾಕಿದ್ದೆ, ಕೆಳಗೆ ನೋಡಿ ಹಾಕಿರಿ ಎಂದು ಮುಖವಾಡ ಕೊಡುತ್ತಿದ್ದೆ. ನೋಡಿದವರಲ್ಲಿ ಬಹಳ ಜನ ಪೊಟ್ಟಣ ವಾಪಸ್ ಚೀಲಕ್ಕೆ ಹಾಕಿಕೊಂಡರು. ಕೆಲವರು ನನ್ನೆದುರಿಗೇ ಚೆಲ್ಲಿ ನಕ್ಕರು. ನನ್ನನ್ನು ಮೊದಲು ಬೈದಿದ್ದ ಮಾಲತಿ ದೀದಿ ತನ್ನ ಹೋಟೆಲಿನಲ್ಲಿ ಗಿಣಿಮೀನು ಅಡುಗೆ ಮಾಡುವುದನ್ನು ನಿಲ್ಲಿಸಿದಳು. ಅವಳ ಗಿರಾಕಿ ಕೇಳುವ ಮೀನದು. ನನಗೆ ಹೇಳದೆ ನಿಲ್ಲಿಸಿದಳು, ನನಗದು ತಿಂಗಳಾದ ಮೇಲೆ ತಿಳಿಯಿತು.

ಮಳೆ ಬಂದು ನೀರು ತಣ್ಣಗಾಯಿತು. ಅಷ್ಟರಲ್ಲಿ ಬಹಳಷ್ಟು ಹವಳ ಸತ್ತಿತ್ತು. ರೀನಾಳ ಗುಂಪಿಗೆ ಸರ್ಕಾರದ ಪರವಾನಗಿ ಬಂತು, ಅಲೆಗೆ ಮುರಿದು ಬಿದ್ದ, ಇನ್ನೂ ಜೀವವಿರುವ ಹವಳದ ತುಂಡುಗಳನ್ನು ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಸಮುದ್ರದ ತಳದಲ್ಲಿ ಇಡಲು. ಚೌಕಟ್ಟು ಬೆಸೆಯುವವರು ಬೇಕಾಗಿತ್ತು. ನಮ್ಮವರು ನಾನು ಕೇಳುವ ಮೊದಲೇ ಸರಳು ತಂದು ಅಂಗಳಕ್ಕೆ ಹಾಕಿದರು. "ಆವಾಗ ಬಾವ್ಯಾಗ ಕಲ್ಲ ಒಡದೀನಿ," ಎಂದರು, "ಈಗ ನಾಕು ಹಚ್ಚತೀನಿ." ನಮ್ಮಲ್ಲಿ ಸಸಿಗೆ ಅನ್ನುವ ಮಾತು ಅದು, ಹಚ್ಚುವುದು. ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅಪರೂಪ. ತುಂಡುಗಳನ್ನು ನೀರಿನಿಂದ ಬಹಳ ಹೊತ್ತು ಹೊರಗಿಡುವಂತಿಲ್ಲ, ಹೀಗಾಗಿ ಮೊಳಕಾಲು ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನಾನು, ದೀದಿ ಕಟ್ಟಿದೆವು. ಬಟ್ಟೆ ಒಗೆದ ಜಾಗಕ್ಕೆ ಬಹಳ ದೂರವೇನಲ್ಲ. ನಲವತ್ತು ತುಂಡು ಕಟ್ಟಿದೆವು. ದೀಪಾವಳಿಯ ಹೊತ್ತಿಗೆ ಒಂಬತ್ತು ಉಳಿದವು. ಪ್ರತಿಯೊಂದು ಸತ್ತಾಗಲೂ ನಾನು ಹುಚ್ಚಿಯ ಹಾಗೆ ಅತ್ತೆ. ಇಷ್ಟು ಅಳು ಹವಳಕ್ಕೋ, ಬೇರೆ ಯಾವುದಕ್ಕೋ ಎಂದು ನಮ್ಮವರು ಕೇಳಲಿಲ್ಲ.

ಹೋದ ತಿಂಗಳು ಎಳ್ಳಮಾಸಿಗೆ ಊರಿಗೆ ಹೋದೆವು. ಹುಡಗಿಯ ಹೊಲದಲ್ಲಿ ಜೋಳ ಎದೆಮಟ್ಟ. ಐದು ಕಲ್ಲಿಗೆ ಸುಣ್ಣ ಬಳಿದು ಕೂರಿಸಿದ್ದರು. ಅತ್ತೆ ನನ್ನ ಕೈಗೆ ಚರಗದ ಬುಟ್ಟಿ ಕೊಟ್ಟರು. ಇದು ಹೊಲ, ಸಮುದ್ರವಲ್ಲ, ಇಲ್ಲಿ ಚೆಲ್ಲಿದರೆ ಹಕ್ಕಿ ತಿನ್ನುತ್ತದೆ, ಇರುವೆ ತಿನ್ನುತ್ತದೆ, ಯಾರೂ ಸಾಯುವುದಿಲ್ಲ. ಎಲ್ಲ ಗೊತ್ತು. ಆದರೂ ಕೈ ಏಳಲಿಲ್ಲ. ಅಂಡಮಾನದಾಕಿಗೆ ನಮ್ಮ ಹಬ್ಬ ಮರೆತುಹೋಗಿದೆ ಎಂದು ಯಾರೋ ಅಂದರು. ಅಲ್ಲಿ ನಾನು 'ಕನ್ನಡಾ ಆಂಟಿ', ರೊಟ್ಟಿಯವಳು. ಇಲ್ಲಿ ಅಂಡಮಾನದಾಕಿ. ನಮ್ಮವರು ಬುಟ್ಟಿ ತೆಗೆದುಕೊಂಡು ತಾವೇ ಚೆಲ್ಲುತ್ತ ನಡೆದರು.

ಅದೇ ಮಧ್ಯಾಹ್ನದ ಬಸ್ಸಿಗೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋದೆ. ಅವ್ವ ಬಾಗಿಲಲ್ಲಿ ಕುಳಿತು ಗೋಧಿಹಿಟ್ಟಿನ ಉಂಡೆ ಕಟ್ಟುತ್ತಿದ್ದಳು. ಫೋನಿನಲ್ಲಿ ಮತ್ತೆ ಮಾತು ಶುರುವಾಗಿತ್ತಾದರೂ ಹರಕೆಯ ಸುದ್ದಿಯನ್ನು ಇಬ್ಬರೂ ಎತ್ತಿರಲಿಲ್ಲ. ಬಾ ಎಂದು ನನ್ನನ್ನು ಕರೆದುಕೊಂಡು ಕೆರೆಗೆ ನಡೆದಳು. ಮೆಟ್ಟಿಲ ಮೇಲೆ ಕುಳಿತು ಒಂದೊಂದೇ ಉಂಡೆ ನೀರಿಗೆ ಹಾಕತೊಡಗಿದಳು. ನನ್ನ ಕೈಗೆ ಕೊಡಲಿಲ್ಲ.

"ನೀ ಬಿಟ್ಟ ನಾಕು ನಾ ಮುಗಿಸೀನಿ," ಎಂದಳು, ನೀರನ್ನೇ ನೋಡುತ್ತ. ಇನ್ನೂ ಏಕೆ ಹಾಕುತ್ತೀ ಹಾಗಿದ್ದರೆ ಎಂದು ಕೇಳಿದೆ.

"ಅದು ಮುಗೀತು. ಉಡಿ ತುಂಬಲಿಲ್ಲ, ಬಿಡು, ಶಿವನ ಇಚ್ಛಾ. ಈಗ ಹಾಕೋದು ನಿನ್ನ ಕಲ್ಲಿನ ಹೆಸರಿಲೆ. ಅದಕ್ಕ ಜೀವ ಅದ ಅಂದಿದ್ದಿಲ್ಲ? ಅದಾದ್ರೂ ಬದುಕಲಿ. ಹೊಸ ಇಪ್ಪತ್ತೊಂದು ಹಿಡದೀನಿ, ಇವತ್ತಿಗಿ ನಾಕ ಆದವು."

ಮೀನಿಗೆ ಉಣಿಸಿದ್ದೂ ಆ ಕಲ್ಲು ಸಾಯಲು ಕಾರಣ ಎಂದು ನಾನು ಅವಳಿಗೆ ಒಮ್ಮೆ ಬಿಡಿಸಿ ಹೇಳಿದ್ದೆ. ಅವಳಿಗೆ ಅರ್ಥವಾಗಿದ್ದು ಇಷ್ಟೇ: ಮಗಳಿಗೆ ಅದು ಬೇಕು. ಅವಳ ಮುಂದೆ ನಾನು ಮತ್ತೆ ಪಾಠ ಒಪ್ಪಿಸಲಿಲ್ಲ. ಅವಳ ಭುಜಕ್ಕೆ ತಲೆಯಿಟ್ಟು ಕುಳಿತೆ. ಕೆರೆಯ ಬೂದಿಬಣ್ಣದ ಮೀನುಗಳು ಉಂಡೆ ತಿಂದು ಹೋದವು.

ನಿನ್ನೆ ಮತ್ತೆ ಅಮಾವಾಸ್ಯೆ. ನಾನು ದ್ವೀಪಕ್ಕೆ ಮರಳಿ ವಾರವಾಗಿದೆ. ಬೆಳಿಗ್ಗೆ ಭಾಟಾ ಇರುವಾಗ ಮುಖವಾಡ ಹಾಕಿಕೊಂಡು, ಟ್ಯೂಬು ಹಿಡಿದು, ಚೌಕಟ್ಟಿನ ಮೇಲೆ ಹೋಗಿ ನೋಡಿದೆ. ಈಗ ಟ್ಯೂಬಿದ್ದರೆ ಸಾಕು, ಹಿಡಿಯುವವರು ಬೇಡ. ಒಂಬತ್ತರಲ್ಲಿ ಎರಡು ನಾವು ಊರಲ್ಲಿದ್ದಾಗ ಸತ್ತಿವೆ. ಏಳು ಇವೆ. ಪಟ್ಟೆ ಮೀನು ಕೆಲವು ಈಗಲೂ ನನ್ನ ಕೈ ನೋಡುತ್ತ ಹಿಂದೆ ಬರುತ್ತವೆ. ಕೈ ಬಿಚ್ಚಿ ತೋರಿಸಿದೆ, ಏನೂ ಇಲ್ಲ. ಆಮೇಲೆ ಕಟ್ಟೆಯ ಮೇಲೆ ಬಂದು ಒದ್ದೆ ಬಟ್ಟೆಯಲ್ಲೇ ಕುಳಿತೆ.

ಫೋನ್ ಬಂತು. ಅವ್ವ ಮಾಳಿಗೆಯಿಂದಲ್ಲ, ಕೆರೆಯ ಮೆಟ್ಟಿಲಿನಿಂದ. ಹಿಂದೆ ನೀರಿನಲ್ಲಿ ಮೀನು ಹೊರಳುವ ಸಪ್ಪಳ ಕೇಳುತ್ತಿತ್ತು.

"ನನ್ನವು ಉಂಡವು, ಐದಾದವು," ಎಂದಳು. "ನಿನ್ನ ಕಲ್ಲಿಗಿ ಏನರೆ ವಿಶೇಷ ಅದ ಏನವಾ?"

ಹನ್ನೊಂದು ವರ್ಷ ಉರಿಸಿದ್ದ ಮಾತು. ಈ ಸಲ ಉರಿಯಲಿಲ್ಲ. ಏಳು ಉಳಿದಿವೆ ಎನ್ನಲೋ, ಎರಡು ಹೋದವು ಎನ್ನಲೋ?

"ಇಲ್ಲ ಅವ್ವಾ," ಎಂದೆ. "ಇನ್ನಾ ಇಲ್ಲ."

"ಇರ್ಲಿ ತಗೊ," ಎಂದಳು ಅವ್ವ. "ಹದಿನಾರು ಉಳದಾವಲ್ಲ."